ಮೇಲ್ಮನೆಯವಳು ಮಾಡಿಕೊಟ್ಟ ಲಾಗ್ ಫೈಲು

ಅವಳ ಬಲಗೈಯ ತೋರುಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಕಂಪ್ಯೂಟರ್ ಕುಟ್ಟುವಾಗ ಆ ಬೆರಳೊಂದನ್ನು ಮೇಲೆತ್ತಿಕೊಂಡೇ ಇರುತ್ತಿದ್ದಳು. ಕೊಬ್ಬರಿ ಎಣ್ಣೆ ಹಚ್ಕೊಳ್ಳೇ ಎಂದರೆ, "ಕೀಬೋರ್ಡೆಲ್ಲಾ ಜಿಡ್ಡಾಗುತ್ತೆ ಬುಡಿ ಅಜ್ಜಿ" ಅನ್ನುವಳು.

ಬಟವಾಡಿಯಲ್ಲಿ ನನ್ನ ಅಡುಗೆಮನೆಯ ಮೇಲೆ ಬಾಡಿಗೆಗಿದ್ದಳು. ಕುಣಿಗಲ್ ಕಡೆಯವಳು, ಒಂಟಿ ಹೆಂಗಸು, ಮಾತು ಕಮ್ಮಿ. ನಾನು ಹಿರೇಹಳ್ಳಿಯ ಒಂದು ಫ್ಯಾಕ್ಟರಿಗೆ ಊಟ ಕಳಿಸುತ್ತೇನೆ. ಎಷ್ಟು ಊಟ ಬೇಕೆಂದು ಅವರು ಫೋನಿನಲ್ಲಿ ಒತ್ತಿದರೆ ನನ್ನ ಹಳೇ ಕಂಪ್ಯೂಟರಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಹಾಗೆ ಮಾಡಿಕೊಟ್ಟವಳು ಅವಳೇ. ಜಾವಾಸ್ಕ್ರಿಪ್ಟ್ ಅಂತೆ. ನನಗೆ ಹೆಸರು ಗೊತ್ತು, ಅಷ್ಟೇ.

ಒಂದು ದಿನ ರಾತ್ರಿ ಪಾಳಿಯ ಆರ್ಡರ್ ನನಗೆ ಕಾಣಲೇ ಇಲ್ಲ. ಅಡುಗೆ ಮಾಡಲಿಲ್ಲ. ಬೆಳಿಗ್ಗೆ ಅಲ್ಲಿನ ಸೂಪರ್‌ವೈಸರ್ ಬಂದು ಕೂಗಾಡಿದ.

"ನಾವ್ ಕಳ್ಸಿದೀವಿ. ನೀನೇ ಏನೋ ಒತ್ತಿ ಅಳಿಸ್ಬುಟ್ಟಿದೀಯ. ಇನ್ನೊಂದ್ಸಲ ಹಿಂಗಾದ್ರೆ ಬೇರೆಯವ್ರಿಗೆ ಕೊಡ್ತೀವಿ, ನೋಡ್ಕೊ."

ನನ್ನ ಒಲೆ ಉರಿಯುವುದೇ ಆ ಒಂದು ಫ್ಯಾಕ್ಟರಿಯಿಂದ.

ಮೇಲ್ಮನೆಯವಳು ಇಳಿದು ಬಂದಳು. ನಡೆದದ್ದನ್ನೆಲ್ಲ ಪ್ರೋಗ್ರಾಮು ಸಾಲುಸಾಲಾಗಿ ಪರದೆಯ ಮೇಲೆ ಹೇಳುತ್ತಿತ್ತಂತೆ. ಆದರೆ ಕರೆಂಟ್ ಹೋದರೆ ಅದೂ ಹೋಯಿತು. ಗುಬ್ಬಿಯಲ್ಲಿ ನಮ್ಮಕ್ಕನ ಹೋಟೆಲು ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟುಹೋದ ಮೇಲೆ ಕರೆಂಟಿನ ಮೈನ್ ಆಫ್ ಮಾಡದೆ ನಾನು ಅಡುಗೆಮನೆಗೆ ಬೀಗ ಹಾಕಿದವಳಲ್ಲ. ಹಿಂದಿನ ರಾತ್ರಿಯೂ ಹಾಗೇ ಮಾಡಿದ್ದೆ.

"ಆಫ್ ಮಾಡ್ಬೇಡ ಅಂತೀಯೇನೇ?" ಜೋರು ಮಾಡಿದೆ.

"ನೀವ್ ಮಾಡ್ಕೊಳಿ ಅಜ್ಜಿ. ಬದಲಾಯಿಸ್ಬೇಕಾದ್ದು ನಾನ್ ಬರ್ದಿರೋದು."

ಅಕ್ಕಿ ಮೂಟೆಯ ಮೇಲೆ ಕೂತು, ಆಗಿದ್ದು ಆಗಿಂದಾಗಲೇ ಒಂದು ಫೈಲಿನಲ್ಲಿ ಬರೆದುಕೊಳ್ಳುವ ಹಾಗೆ ಮಾಡಿದಳು. ಅದಕ್ಕೆ ಲಾಗ್ ಅನ್ನುತ್ತಾರಂತೆ. "ಒಟ್ಟು ಮಾಡ್ಕೊಂಡು ಆಮೇಲ್ ಬರ್ಯೋಣ ಅಂದ್ರೆ, ಅಷ್ಟ್ರಲ್ಲಿ ನೀವು ಮೈನ್ ಎಳ್ದಿರ್ತೀರ" ಎಂದು ನಕ್ಕಳು.

ಮುಂದಿನ ವಾರ ಮತ್ತೆ ಅದೇ ಆಯಿತು. ಸೂಪರ್‌ವೈಸರ್ ಬಾಗಿಲಲ್ಲೇ ನಿಂತು, "ಸಾಕು ಅಜ್ಜಿ, ನಾಳೆಯಿಂದ ಬೇಡ" ಎಂದ. ಅವಳು ಅವನೆದುರೇ ಫೈಲು ತೆಗೆದಳು.

"ಆರ್ಡರ್ ಬಂದಿದೆ ಸಾರ್. ಆದ್ರೆ ಅಂಕಿ ಅಲ್ಲ ಅಂತ ಪ್ರೋಗ್ರಾಮು ಬಿಟ್ಬಿಟ್ಟಿದೆ."

ನಾನು ಬಗ್ಗಿ ನೋಡಿದೆ. ೪೦ ಎಂದಿತ್ತು. "ನಲವತ್ತಲ್ವೇನೇ ಅದು?"

ರಾತ್ರಿ ಪಾಳಿಗೆ ಹುಲಿಯೂರುದುರ್ಗದ ಹೊಸ ಗುಮಾಸ್ತ ಸೇರಿದ್ದನಂತೆ. ಅವನ ಫೋನು ಪೂರ್ತಿ ಕನ್ನಡ. ಇವಳ ಪ್ರೋಗ್ರಾಮಿಗೋ ಇಂಗ್ಲಿಷ್ ಅಂಕಿ ಬಿಟ್ಟರೆ ಬೇರೆ ತಿಳಿಯದು.

"ನಿನ್ ಕಂಪ್ಯೂಟರ್‌ಗಿಂತ ನಾನೇ ವಾಸಿ ಕಣೇ!"

ಅವಳು ನಗಲಿಲ್ಲ. ಸೂಪರ್‌ವೈಸರ್ ಕಡೆ ತಿರುಗಿ, "ಅಜ್ಜೀದೂ ತಪ್ಪಲ್ಲ, ನಿಮ್ ಗುಮಾಸ್ತಂದೂ ಅಲ್ಲ ಸಾರ್. ನಂದು" ಎಂದಳು.

ಅದೇ ಫ್ಯಾಕ್ಟರಿಯ ಕಂಪ್ಯೂಟರ್ ಕೆಲಸ ಅವಳಿಗೆ ಸಿಗುವುದರಲ್ಲಿತ್ತು. ಆಮೇಲೆ ಸಿಗಲಿಲ್ಲ. ನನ್ನ ಊಟದ ಆರ್ಡರ್ ಉಳಿಯಿತು. ಕೆಲಸ ತಪ್ಪಿದ್ದನ್ನು ಅವಳು ಒಂದು ದಿನವೂ ಎತ್ತಿ ಆಡಲಿಲ್ಲ. ತಪ್ಪು ಗೊತ್ತಾದ ದಿನವೇ ಸಂಜೆ ಕನ್ನಡದ ಅಂಕಿಯೂ ತಿಳಿಯುವ ಹಾಗೆ ಸರಿಮಾಡಿ, ನನ್ನಿಂದಲೇ ಒತ್ತಿಸಿ ನೋಡಿದಳು.

ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಕುಣಿಗಲ್ಲಿಗೆ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ರಾತ್ರಿ ಪಾಳಿಗೆ ಅಡುಗೆ ಮಾಡಿದೆ. ಆರ್ಡರ್ ಬಂದಿತ್ತು.

ಈಗ ಮೇಲೆ ಬೇರೆಯವರಿದ್ದಾರೆ. ಓದಿದವರು. ಹಂಗೆ ಮೈನ್ ಎಳೆದರೆ ಕಂಪ್ಯೂಟರಿನಲ್ಲಿರುವುದೆಲ್ಲ ಹೋಗುತ್ತೆ ಅಂತ ನನಗೆ ಬುದ್ಧಿ ಹೇಳುತ್ತಾರೆ.

"ಇದು ನನ್ನ ನೋಡ್ಕೊಂಡೇ ಮಾಡಿರೋದು, ಬುಡಪ್ಪ" ಎಂದು ಎಳೆದು ಬೀಗ ಹಾಕುತ್ತೇನೆ.