ಸಮುದ್ರದ ತುದಿಯ ಗೆರೆ

ಸೆಡ್ರಿಕ್ ಥ್ವೇಟ್ ತನ್ನ ಅರವತ್ತಮೂರು ವರ್ಷಗಳಲ್ಲಿ ಮೂವತ್ತೊಂದನ್ನು ಇಪ್ಪತ್ತೆರಡು ಗಜ ಮಣ್ಣಿನ ಮೇಲೆ ಬಗ್ಗಿಕೊಂಡೇ ಕಳೆದವನು. ಅಪ್ಪ ಹೆರಿಂಗ್ ಮೀನಿನ ದೋಣಿಗಳಲ್ಲಿ ದುಡಿದವನಾದರೂ ಮಗನಿಗೆ ಅಲೆ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಅವನು ಸ್ಕೆಲ್ಬಿಯ ಇಟ್ಟಿಗೆ ಕಾರ್ಖಾನೆ ಸೇರಿದ. ಅದು ಮುಚ್ಚಿದ ವರ್ಷ ಊರಿನ ಕ್ರಿಕೆಟ್ ಕ್ಲಬ್ಬಿನವರು ಕರೆದು, ಪಿಚ್ಚು ಮೈದಾನ ನೋಡಿಕೊಳ್ಳುವ ಕೆಲಸ ಕೊಟ್ಟು ರೋಲರಿನ ಕೀಲಿ ಕೈಗಿಟ್ಟರು. ಜೇಡಿಮಣ್ಣು ಎಷ್ಟು ನೀರು ಹಿಡಿಯುತ್ತದೆ, ಯಾವ ಬಿಸಿಲಿಗೆ ಬಿರಿಯುತ್ತದೆ ಎಂಬುದು ಅವನಿಗೆ ಇಟ್ಟಿಗೆಯಿಂದಲೇ ಗೊತ್ತಿತ್ತು. ಹೆಬ್ಬೆರಳು ಒತ್ತಿ ನೋಡಿ, ನಾಳೆ ಚೆಂಡು ಎಷ್ಟು ಎತ್ತರಕ್ಕೆ ಏಳುತ್ತದೆಂದು ಹೇಳುತ್ತಿದ್ದ.

ಕೌಂಟಿ ತಂಡ ತನ್ನ ದೊಡ್ಡ ಮೈದಾನ ಬಿಟ್ಟು ಸ್ಕೆಲ್ಬಿಗೆ ಬರುತ್ತಿದ್ದುದು ವರ್ಷಕ್ಕೆ ಒಂದೇ ದಿನ, ಜುಲೈನಲ್ಲಿ, ಐವತ್ತು ಓವರುಗಳ ಪಂದ್ಯಕ್ಕೆ. ಉಳಿದ ದಿನಗಳೆಲ್ಲ ಸೆಡ್ರಿಕ್‌ಗೆ ಆ ಒಂದು ದಿನದ ತಯಾರಿ. ಹಿಂದಿನ ವರ್ಷ ಪಿಚ್ ಬಿರಿದು, ಎದುರಾಳಿಗಳು ತೊಂಬತ್ತನಾಲ್ಕಕ್ಕೇ ಮುಗಿದಿದ್ದರು. ಒಬ್ಬನ ದವಡೆಗೆ ಚೆಂಡು ಬಡಿದಿತ್ತು. ಮಾರ್ಚ್‌ನಲ್ಲಿ ಕೌಂಟಿ ಕಚೇರಿಯಿಂದ ಹಿಲರಿ ಲಾಂಗ್‌ಸ್ಟಾಫ್ ಎಂಬಾಕೆ ಬರೆದರು. ಮೈದಾನಗಳ ಉಸ್ತುವಾರಿ ಅವರದು. ಜುಲೈ ಪಂದ್ಯವನ್ನು ಇನ್ನೊಂದು ಊರೂ ಕೇಳುತ್ತಿದೆ; ಈ ಸಲ ತಾವೇ ಬಂದು ಇಡೀ ದಿನ ಕೂತು ನೋಡಿ ತೀರ್ಮಾನಿಸುವುದಾಗಿ ಎರಡೇ ಸಾಲಿನಲ್ಲಿ ತಿಳಿಸಿದ್ದರು.

ಆ ಪತ್ರ ಅಡುಗೆಮನೆಯ ಗಡಿಯಾರದ ಹಿಂದೆ ನಾಲ್ಕು ತಿಂಗಳು ಇತ್ತು. ಸೆಡ್ರಿಕ್ ಏಪ್ರಿಲ್‌ನಿಂದ ಪಿಚ್ಚಿಗೆ ಮಗುವಿಗೆ ಉಣಿಸುವಂತೆ ನೀರುಣಿಸಿದ.

ಪಂದ್ಯದ ದಿನ ಬಿಸಿಲು ಬಿತ್ತು. ಕೌಂಟಿಯವರು ಮೊದಲು ಬ್ಯಾಟ್ ಹಿಡಿದು ಮುನ್ನೂರ ಎಪ್ಪತ್ತೊಂದು ಹೊಡೆದರು. ಚೆಂಡು ಚರ್ಚಿನ ಗೋಡೆಗೆ, ಐಸ್‌ಕ್ರೀಮ್ ಗಾಡಿಯ ಮೇಲೆ, ಒಂದು ಸಲ ಪಾದ್ರಿಯ ಟೊಮ್ಯಾಟೊ ಗಿಡಗಳ ನಡುವೆ ಹೋಗಿ ಬಿತ್ತು.

"ಏನ್ ಸೆಡ್, ಹೋದ ವರ್ಷ ಇಟ್ಟಿಗೆ ಗೂಡು ಮಾಡಿದ್ದೆ, ಈ ವರ್ಷ ಟಾರ್ ರಸ್ತೆ ಹಾಕ್ಬಿಟ್ಟಿದೀಯಲ್ಲೋ," ಎಂದು ಬೆಂಚಿನಿಂದ ಒಬ್ಬ ಕೂಗಿದ. "ಬೌಲರ್‌ಗಳ ಮೇಲೆ ಏನ್ ಹಗೆ ನಿಂಗೆ?"

"ಅವರು ನನ್ ಹುಲ್ಲಿನ ಮೇಲೆ ಉಗಿತಾರೆ, ಅದಕ್ಕೇ," ಎಂದ ಸೆಡ್ರಿಕ್. ಸುತ್ತಲಿದ್ದವರು ನಕ್ಕರು. ಚಹಾದ ಡೇರೆಯಲ್ಲಿ ಹಂದಿಮಾಂಸದ ಕಡುಬು ಕತ್ತರಿಸುತ್ತಿದ್ದ ಅವನ ಹೆಂಡತಿ ಮಾವಿಸ್, ಚಾಕುವಿನ ತುದಿಯಿಂದಲೇ ಪೆವಿಲಿಯನ್ನಿನಲ್ಲಿ ಕೂತಿದ್ದ ಹಿಲರಿ ಲಾಂಗ್‌ಸ್ಟಾಫ್ ಕಡೆ ತೋರಿಸಿದಳು. "ನೋಡು, ಆಯಮ್ಮ ನಗ್ತಿದಾಳೆ. ಹಲ್ಲಿದೆ ಅಂತ ಇವತ್ತೇ ಗೊತ್ತಾಗಿದ್ದು."

ವಿರಾಮದಲ್ಲಿ ಪಿಚ್ ಗುಡಿಸಿ, ಮಾಸಿದ ಗೆರೆಗಳಿಗೆ ಮತ್ತೆ ಬಿಳಿ ಬಳಿಯಲು ಅವನಿಗೆ ಹತ್ತು ನಿಮಿಷವಿತ್ತು. ಗೆರೆ ಹಾಕಲು ಅವನೇ ಮಾಡಿಕೊಂಡ ಮರದ ಚೌಕಟ್ಟೊಂದಿತ್ತು. ಅದರ ಒಂದು ಅಂಚನ್ನು ಸ್ಟಂಪಿನ ಸಾಲಿಗೆ ಕೂಡಿಸಿದರೆ ಇನ್ನೊಂದು ಅಂಚು ಸರಿಯಾಗಿ ನಾಲ್ಕು ಅಡಿ ಮುಂದೆ, ಬ್ಯಾಟ್ಸ್‌ಮನ್ ಮುಟ್ಟಬೇಕಾದ ಗೆರೆಯ ಮೇಲೆ ನಿಲ್ಲುತ್ತಿತ್ತು. ಪಿಚ್ಚಿನ ಪೆವಿಲಿಯನ್ ತುದಿ ಮುಗಿಸಿ ಸಮುದ್ರದ ಕಡೆಯ ತುದಿಯಲ್ಲಿ ಚೌಕಟ್ಟು ಇಳಿಸಿದಾಗ ಅದರ ತೋಳು ಸಣ್ಣಗೆ ಕಿರುಗುಟ್ಟಿ ಜಾರಿತು. ತಿರುಪು ಸಡಿಲವಾಗಿತ್ತು. ಸೆಡ್ರಿಕ್ ಮೊಣಕಾಲೂರಿ, ಬೆಳಿಗ್ಗೆ ತಾನೇ ಎಳೆದಿದ್ದ ಗೆರೆಗೆ ಟೇಪು ಹಿಡಿದ. ನಾಲ್ಕು ಅಡಿ ಎರಡು ಇಂಚು. ಮತ್ತೊಮ್ಮೆ ಹಿಡಿದ. ಅಷ್ಟೇ ಇತ್ತು. ಆ ತುದಿಗೆ ಓಡಿಬರುವವನಿಗೆ ಎರಡಿಂಚು ಕಡಿಮೆ ದಾರಿ.

ಅಂಪೈರ್ ಪ್ರಿಚರ್ಡ್ ಕಡುಬು ಅಗಿಯುತ್ತಾ ಅಡ್ಡಾಡಿಕೊಂಡು ಬಂದರು. ಪಂದ್ಯಕ್ಕೆ ಮುಂಚೆ ಗೆರೆಗಳನ್ನು ಅಳೆಯುವುದು ಅವರ ಕೆಲಸ. ಥ್ವೇಟ್ ಎಳೆದ ಗೆರೆ ಎಂಬ ಒಂದೇ ಕಾರಣಕ್ಕೆ ಅವರು ಅಳೆದಿರಲಿಲ್ಲ.

"ಎಲ್ಲಾ ಸರಿ ಇದೆಯಾ ಸೆಡ್?"

ಪೆವಿಲಿಯನ್ನಿನಲ್ಲಿ ಹಿಲರಿ ಲಾಂಗ್‌ಸ್ಟಾಫ್ ಮೊಣಕಾಲ ಮೇಲೆ ಪುಸ್ತಕವಿಟ್ಟು ಏನೋ ಬರೆಯುತ್ತಿದ್ದರು. ಈಗ ಗೆರೆಯನ್ನು ಸರಿಪಡಿಸಿದರೆ ಒಂದು ತಂಡಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು. ಹಾಗೇ ಬಿಟ್ಟರೆ ಇಬ್ಬರಿಗೂ ಒಂದೇ ತಪ್ಪು. ಇಬ್ಬರಿಗೂ ಒಂದೇ ಆದರೆ ಅದು ನ್ಯಾಯವೇ ಅಲ್ಲವೇ? ವಾದ ಎಷ್ಟು ಬೇಗ ಒದಗಿತೆಂದರೆ ಅವನಿಗೇ ಅದರ ಮೇಲೆ ಅನುಮಾನ ಬಂತು.

"ಸರಿ ಇದೆ," ಎಂದ. ಇದ್ದ ಗೆರೆಯ ಮೇಲೆಯೇ ಬಿಳಿ ಬಳಿದ.

ಎದುರಾಳಿ ಡರ್ಬಿಶೈರ್‌ನವರು ಗುರಿಯ ಬೆನ್ನು ಹತ್ತಿದರು. ಇಪ್ಪತ್ತು ಓವರಿಗೆ ನೂರ ಐವತ್ತು, ಮೂವತ್ತೈದಕ್ಕೆ ಇನ್ನೂರ ಅರವತ್ತು. ಮೈದಾನದಲ್ಲಿದ್ದ ಎರಡು ಸಾವಿರ ಜನ ಚೆಂಡನ್ನು ನೋಡುತ್ತಿದ್ದರೆ ಸೆಡ್ರಿಕ್ ಒಂದು ಗೆರೆಯನ್ನು ನೋಡುತ್ತಿದ್ದ. ಬೌಂಡರಿ ಹೋದರೆ ಅವನಿಗೆ ಹಗುರ, ಯಾರೂ ಓಡಬೇಕಿಲ್ಲ. ಸಿಕ್ಸರ್ ಹೋದರೆ ಇನ್ನೂ ಹಗುರ. ಒಂದೊಂದೇ ರನ್ ಕದಿಯಲು ಶುರು ಮಾಡಿದರೆ, ಅದೂ ಸಮುದ್ರದ ಕಡೆಗೆ, ಅವನು ಬೌಂಡರಿ ಹಗ್ಗದವರೆಗೆ ಹೋಗಿ ಗೆರೆಯ ನೇರಕ್ಕೆ ನಿಲ್ಲುತ್ತಿದ್ದ. ನಲವತ್ತೆರಡನೇ ಓವರಿನಲ್ಲಿ ಆ ತುದಿಯಲ್ಲಿ ಒಬ್ಬ ರನ್ ಔಟ್ ಆದ, ಗೆರೆಗಿಂತ ಗಜ ದೂರದಲ್ಲಿ. ಸೆಡ್ರಿಕ್ ಚಪ್ಪಾಳೆ ತಟ್ಟಿದ್ದು ವಿಕೆಟ್ಟಿಗಲ್ಲ, ಆ ಗಜಕ್ಕೆ.

"ಮುಖ ಬಿಳುಚಿಕೊಂಡಿದೆಯಲ್ಲೋ," ಎಂದಳು ಮಾವಿಸ್. "ಏನಾಯ್ತು?"

"ಏನಿಲ್ಲ. ಬಿಸಿಲು."

"ಮೂವತ್ತು ವರ್ಷದಿಂದ ಇದೇ ಬಿಸಿಲಲ್ಲಿ ನಿಂತವನಿಗೆ ಇವತ್ತು ಬಿಸಿಲು ತಾಗ್ತಾ?" ಅವಳು ಮುಖ ನೋಡಿದಳು, ಮತ್ತೆ ಕೇಳಲಿಲ್ಲ.

ಕೊನೆಯ ಓವರಿಗೆ ಒಂಬತ್ತು ಬೇಕಿತ್ತು, ಕೊನೆಯ ಚೆಂಡಿಗೆ ಎರಡು. ಒಂದು ಬಂದರೆ ಸಮ. ಬ್ಯಾಟ್ಸ್‌ಮನ್ ಚೆಂಡನ್ನು ಬಲಕ್ಕೆ ಆಳವಾಗಿ ತಳ್ಳಿದ. ಅಲ್ಲಿ ನಿಂತಿದ್ದವನು ಕೌಂಟಿಯ ನೈಜಲ್ ರೆನ್ಷಾ, ಮೂವತ್ತೇಳು ದಾಟಿದವನು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವನು. ಮೊದಲ ರನ್ ಮುಗಿಯಿತು. ಎರಡನೆಯದಕ್ಕೆ ಒಬ್ಬ ಸಮುದ್ರದ ತುದಿಗೆ ತಿರುಗಿ ಧಾವಿಸಿದ. ರೆನ್ಷಾ ಅರವತ್ತು ಗಜದಿಂದ ಎಸೆದ ಚೆಂಡು ನೇರವಾಗಿ ಸ್ಟಂಪುಗಳನ್ನು ಕೆಡವಿತು. ಓಡುತ್ತಿದ್ದವನು ಬ್ಯಾಟು ಚಾಚಿ ಅಡ್ಡಬಿದ್ದಿದ್ದ. ಹನ್ನೊಂದು ಜನ ಕೈಯೆತ್ತಿ ಕೂಗಿದರು. ಗೆರೆಯ ನೇರಕ್ಕೆ ನಿಂತಿದ್ದ ಪ್ರಿಚರ್ಡ್ ಅಡ್ಡಡ್ಡ ತಲೆಯಾಡಿಸಿದರು.

ಔಟಲ್ಲ. ಡರ್ಬಿಶೈರ್ ಗೆದ್ದಿತ್ತು.

ಆಟಗಾರರು ಹಗ್ಗ ದಾಟಿ ಬರುವಾಗ ಸೆಡ್ರಿಕ್ ಅಲ್ಲೇ ನಿಂತಿದ್ದ. "ಒಂದು ಬೆರಳಷ್ಟು ದಾಟಿತ್ತು ಕಣಯ್ಯ ನೈಜಲ್," ಎಂದು ಪ್ರಿಚರ್ಡ್ ಹೇಳುತ್ತಿದ್ದರು. "ಬೇಲ್ ಬಿದ್ದಾಗ ಬ್ಯಾಟು ಬೆರಳಷ್ಟು ಒಳಗಿತ್ತು. ಅದಕ್ಕಿಂತ ಕೂದಲೆಳೆಯೂ ಜಾಸ್ತಿ ಇಲ್ಲ."

ಬೆರಳಷ್ಟು. ಎರಡಿಂಚಿಗಿಂತ ಕಡಿಮೆ.

"ತಾತ, ಚೆಂಡು ಬಗ್ಗಿ ಎತ್ಕೊಳ್ಳೋಕೆ ಇನ್ನೊಂದು ಟೀ ಬೇಕಿತ್ತಾ?" ಎಂದು ಬೆಂಚಿನ ಕಡೆಯಿಂದ ಯಾರೋ ರೆನ್ಷಾನನ್ನು ಹಂಗಿಸಿದರು. "ಮುಂದಿನ ವರ್ಷ ಕುರ್ಚಿ ಹಾಕಿಸ್ತೀವಿ ಬಾ." ರೆನ್ಷಾ ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ.

ಹಿಲರಿ ಲಾಂಗ್‌ಸ್ಟಾಫ್ ತಾವಾಗಿಯೇ ಕೈ ಚಾಚಿಕೊಂಡು ಬಂದರು. "ಮಿಸ್ಟರ್ ಥ್ವೇಟ್, ಎರಡೂ ಕಡೆ ಸೇರಿ ಏಳ್ನೂರ ನಲವತ್ಮೂರು ರನ್. ಒಂದು ಚೆಂಡೂ ಹುಚ್ಚುಚ್ಚಾಗಿ ಏಳಲಿಲ್ಲ. ಜುಲೈ ನಿಮ್ಮದೇ ಅಂತ ಇಟ್ಕೊಳ್ಳಿ. ನಾಳೆ ಕಾಗದ ಕಳಿಸ್ತೀನಿ."

ಅವನು ಕೈ ಕೊಡಲಿಲ್ಲ. ಕೈಯಲ್ಲಿ ಸುಣ್ಣವಿತ್ತು. "ಸ್ವಲ್ಪ ಒಳಗೆ ಬನ್ನಿ," ಎಂದ. "ಪ್ರಿಚರ್ಡ್ ಅವರೂ ಇರ್ಲಿ. ರೆನ್ಷಾನೂ ಬೇಕು."

ಅಂಪೈರುಗಳ ಕೋಣೆಯಲ್ಲಿ ಅವನು ಕೂರಲಿಲ್ಲ. "ಸಮುದ್ರದ ಕಡೆ ಗೆರೆ ಎರಡಿಂಚು ಮುಂದಿದೆ," ಎಂದ. "ಚೌಕಟ್ಟಿನ ತಿರುಪು ಸಡಿಲ ಆಗಿತ್ತು. ರೆನ್ಷಾ, ಸರಿಯಾದ ಗೆರೆ ಆಗಿದ್ರೆ ಅವನು ಔಟು. ನಿನ್ ಎಸೆತದಲ್ಲಿ ಏನೂ ತಪ್ಪಿಲ್ಲ."

ಪ್ರಿಚರ್ಡ್ ಟೇಪು ತೆಗೆದುಕೊಂಡು ಹೊರಗೆ ಹೋಗಿ, ಮುಖ ಕೆಂಪಗೆ ಮಾಡಿಕೊಂಡು ಹಿಂತಿರುಗಿದರು. "ಫಲಿತಾಂಶ ಬದಲಾಗಲ್ಲ," ಎಂದರು. "ಆದ್ರೆ ಅಳೀಬೇಕಿದ್ದವನು ನಾನು. ಅದನ್ನೂ ಬರ್ಕೊಳ್ಳಿ, ಮಿಸ್ ಲಾಂಗ್‌ಸ್ಟಾಫ್."

ರೆನ್ಷಾ ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದವನು ನಿಲ್ಲಿಸಿದ. "ಯಾವಾಗ ಗೊತ್ತಾಯ್ತು ನಿಂಗೆ?"

ಈಗ, ಆಟ ಮುಗಿದ ಮೇಲೆ ಎನ್ನಬಹುದಿತ್ತು. ಯಾರೂ ಅಲ್ಲಗಳೆಯುತ್ತಿರಲಿಲ್ಲ.

"ವಿರಾಮದಲ್ಲಿ."

"ಮೂರು ಗಂಟೆ ಸುಮ್ನಿದ್ಯಾ?"

"ಇದ್ದೆ. ಇವರು ಕೇಳಿದಾಗ ಸುಳ್ಳೂ ಹೇಳಿದೆ."

ರೆನ್ಷಾ ಅವನನ್ನೇ ನೋಡಿದ. ಬೈಗುಳ ಬರಬಹುದೆಂದು ಸೆಡ್ರಿಕ್ ಕಾದ. "ಅರವತ್ತು ಗಜ," ಎಂದ ರೆನ್ಷಾ ಕೊನೆಗೆ, ಯಾರಿಗೂ ಅಲ್ಲದಂತೆ. "ಈ ಭುಜದಲ್ಲಿ ಅಂಥದ್ದು ಇನ್ನೊಂದಿಲ್ಲ." ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಹಿಲರಿ ಲಾಂಗ್‌ಸ್ಟಾಫ್ ಪುಸ್ತಕ ತೆರೆದು, ಬರೆದದ್ದರ ಕೆಳಗೆ ಇನ್ನೆರಡು ಸಾಲು ಬರೆದರು. "ಪಿಚ್ ಬಗ್ಗೆ ಬರೆದಿದ್ದನ್ನ ನಾನು ಹೊಡೆದುಹಾಕಲ್ಲ," ಎಂದರು. "ಇದನ್ನ ಬಿಡೋಕೂ ಆಗಲ್ಲ."

"ಬಿಡಬೇಡಿ," ಎಂದ ಸೆಡ್ರಿಕ್.

ಮುಂದಿನ ಜುಲೈನಲ್ಲಿ ಕೌಂಟಿ ತಂಡ ಇನ್ನೊಂದು ಊರಿಗೆ ಹೋಯಿತು. ಸ್ಕೆಲ್ಬಿಯ ಹೋಟೆಲಿನವನು ಸೆಡ್ರಿಕ್‌ಗೆ ಬಿಯರ್ ಸುರಿದುಕೊಟ್ಟರೂ ಒಂದು ವರ್ಷ ಮಾತಾಡಲಿಲ್ಲ. ಮಾವಿಸ್ ಮಾತ್ರ, ಕಚೇರಿಯ ಪತ್ರ ಓದಿದ ದಿನ, ಕನ್ನಡಕ ತೆಗೆದು ಇಷ್ಟೇ ಕೇಳಿದಳು: "ಆ ಮೂರು ಗಂಟೆ ನನಗೂ ಹೇಳ್ಲಿಲ್ವಲ್ಲೋ?"

ಸೆಡ್ರಿಕ್ ಪತ್ರವನ್ನು ಮಡಚಿ, ಹಳೆಯದು ಇದ್ದ ಜಾಗದಲ್ಲೇ, ಗಡಿಯಾರದ ಹಿಂದೆ ಇಟ್ಟ.