ಈಶ್ವರಯ್ಯನ ಬಕೆಟ್ಟಿಗೆ ಬಿದ್ದ ಓಟು

ನುಗ್ಗೇಹಳ್ಳಿಯ ಈಶ್ವರಯ್ಯನನ್ನು ಪಂಕ್ತಿಯಲ್ಲಿ ಬಡಿಸುವಾಗ ನೋಡಬೇಕು. ಎಡಗೈಯಲ್ಲಿ ಸಾರಿನ ಬಕೆಟ್, ಬಲಗೈಯಲ್ಲಿ ಸೌಟು. ನಡು ಬಗ್ಗಿಸಿ ಹೊರಟರೆ ಸಾಲಿನ ಆ ತುದಿ ಮುಟ್ಟಿಯೇ ನೆಟ್ಟಗಾಗುವುದು. ಇವತ್ತಿನವರೆಗೆ ಯಾರ ರೇಷ್ಮೆ ಸೀರೆಯ ಮೇಲೂ ಒಂದು ತೊಟ್ಟು ಬಿದ್ದಿಲ್ಲ. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ಇಳಿಸಿಬಿಡುತ್ತಾನೆ. ಚನ್ನರಾಯಪಟ್ಟಣದ ಸುತ್ತಮುತ್ತ ಎಲ್ಲೇ ಮದುವೆಯಾಗಲಿ, ಅಡುಗೆ ಕಂಟ್ರಾಕ್ಟರ್ ಪರಮೇಶ್ ಮೊದಲು ಫೋನ್ ಮಾಡುವುದು ಅವನಿಗೇ.

ಇಂಥವನು ವಿಧಾನಸಭೆ ಚುನಾವಣೆಗೆ ಯಾಕೆ ನಿಂತ ಎಂದು ಕೇಳುತ್ತೀರಿ. ಬಸ್ಸಿಗಾಗಿ. ಆರತಕ್ಷತೆಯ ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಊರಿಗೆ ಹೋಗುವ ಬಸ್ಸೆಲ್ಲ ಹೋಗಿ, ಬಡಿಸುವವರು ಛತ್ರದ ಉಗ್ರಾಣದಲ್ಲಿ ಈರುಳ್ಳಿ ಮೂಟೆಗಳ ನಡುವೆ ಮಲಗಬೇಕು. ಶ್ರವಣಬೆಳಗೊಳದ ಚಂದ್ರನಾಥರಂಥ ಜೈನರ ಮನೆಯ ಮದುವೆಯಾದರೆ ಪರವಾಗಿಲ್ಲ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ, ಬಸ್ಸು ಸಿಗುತ್ತದೆ. "ಎಲ್ಲಾರೂ ಅವರಂಗೇ ಉಂಡಿದ್ರೆ ನಾನ್ಯಾಕಪ್ಪಾ ಎಲೆಕ್ಷನ್‌ಗೆ ನಿಲ್ತಿದ್ದೆ?" ಎನ್ನುವುದು ಈಶ್ವರಯ್ಯನ ವಾದ. ಡಿಪೋಗೆ ಅರ್ಜಿ ಕೊಟ್ಟ, ಗೆದ್ದವರ ಮನೆ ಬಾಗಿಲು ಕಾದ, ಯಾವುದೂ ಆಗಲಿಲ್ಲ. ರೇಗಿಹೋಗಿ ಪಕ್ಷೇತರನಾಗಿ ನಿಂತೇಬಿಟ್ಟ. ಬೇರೆ ಬೇರೆ ಊರಿನ ಬಡಿಸುವವರೇ ಸೇರಿ ಸೂಚಕರಾಗಿ ಸಹಿ ಹಾಕಿದರು.

ಗುರುತುಗಳ ಪಟ್ಟಿಯಲ್ಲಿ ಬಕೆಟ್ ಕಂಡದ್ದೇ ತಡ, ಈಶ್ವರಯ್ಯ ಅದನ್ನೇ ಕೇಳಿ ಪಡೆದ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ನಮ್ಮಲ್ಲಿ ದೊಡ್ಡವರ ಹಿಂದೆ ಮುಂದೆ ಸುತ್ತಿ ಹೊಗಳುವವನಿಗೆ ಬಕೆಟ್ ಹಿಡಿಯುವವನು ಅನ್ನುತ್ತಾರಲ್ಲ!

"ಏನ್ ಈಶ್ವರಯ್ಯ, ಯಾರ್ಗೆ ಬಕೆಟ್ ಹಿಡಿಯಕ್ಕೋಯ್ತಾ ಇದ್ದೀಯ?" ಎಂದು ಟೀ ಅಂಗಡಿಯ ನಟರಾಜ ಕಾಲೆಳೆದ.

"ನಾನು ಹಿಡಿಯೋದು ಬಡ್ಸಕ್ಕೆ ಕಣ್ಲಾ. ನಿನ್ನಂಗೆ ಹೊಗಳಕ್ಕಲ್ಲ."

ತನ್ನದೇ ಸಾರಿನ ಬಕೆಟ್ಟಿನ ಫೋಟೋ ತೆಗೆಸಿ ಕರಪತ್ರ ಹಾಕಿಸಿದ. ಮದುವೆಗೆ ಬಂದವರಿಗೆ ಸಾರು ಬಡಿಸುತ್ತಲೇ ಪ್ರಚಾರ ಮಾಡಿದ. ಕ್ಷೇತ್ರದ ಹಳ್ಳಿಹಳ್ಳಿ ಸುತ್ತಿದ. ನುಗ್ಗೇಹಳ್ಳಿಯಲ್ಲಂತೂ ಕೈ ಮುಗಿಯದ ಬಾಗಿಲಿಲ್ಲ.

ಎಣಿಕೆಯ ದಿನ ಹಾಸನದಲ್ಲಿ ಠೇವಣಿ ಹೋಯಿತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲೊಂದು ಇಲ್ಲೊಂದು ಊರಿನಲ್ಲಿ ನಾಲ್ಕಾರು ಓಟು ಬಿದ್ದಿದ್ದವು. ಆದರೆ ಅವನ ಸ್ವಂತ ಮತಗಟ್ಟೆಯಲ್ಲಿ ಬಕೆಟ್ಟಿಗೆ ಬಿದ್ದದ್ದು ಸೊನ್ನೆ. ಯಾರೂ ಬೇಡ ಎನ್ನುವ ನೋಟಾಕ್ಕೂ ಅಲ್ಲಿ ಓಟು ಬಿದ್ದಿತ್ತು.

"ಅಲ್ಲಯ್ಯಾ, ನಿನ್ನ ಓಟೂ ನೀನು ಹಾಕ್ಕಳ್ಳಿಲ್ವಾ?" ಎಂದು ಊರವರು ಕೇಳಿದರು.

ಹಾಕಿಕೊಂಡಿರಲಿಲ್ಲ. ಬಡಿಸುವವನು ತನ್ನ ಎಲೆಗೆ ತಾನು ಬಡಿಸಿಕೊಳ್ಳುವುದಿಲ್ಲ. ಈಶ್ವರಯ್ಯ ಹುಡುಗನಾಗಿದ್ದಾಗಿನಿಂದ ಪಾಲಿಸಿಕೊಂಡು ಬಂದ ಮರ್ಯಾದೆ ಅದು. ಗುಂಡಿ ಒತ್ತುವಾಗ ಬೆರಳು ಬಕೆಟ್ಟಿನ ಹತ್ತಿರ ಹೋಗಿ, ನಾಚಿಕೆಯಾಗಿ, ಕೆಳಗಿನ ಇನ್ನೊಬ್ಬ ಪಕ್ಷೇತರನಿಗೆ ಒತ್ತಿ ಬಂದಿದ್ದ. ಅವನೂ ಪಾಪ, ಹಿಂದೆ ಮುಂದೆ ಯಾರೂ ಇಲ್ಲದವನು.

ಅದು ಸರಿ. ಹಾಗಾದರೆ ಗಂಗಾಂಬಿಕೆಯ ಓಟು ಎಲ್ಲಿ ಹೋಯಿತು?

ಗಂಗಾಂಬಿಕೆ ಈಶ್ವರಯ್ಯನ ಹೆಂಡತಿ. ಮಾತು ಕಡಿಮೆ, ನೆನಪು ಜಾಸ್ತಿ. ಅವನು ಮನೆಗೆ ಬಂದು, ಜಗುಲಿಯ ಮೇಲೆ ಕೂತು, ನೇರವಾಗಿ ಕೇಳಿದ. "ನೀನೂ ಹಾಕ್ನಿಲ್ವೇನೇ?"

"ಇಲ್ಲ."

"ಯಾಕೆ?"

"ಊರೋರ ಮನೆ ಬಾಗ್ಲಿಗೆಲ್ಲಾ ಓಗಿ ಕೈ ಮುಗುದ್ರಿ. ನಮ್ಮನೆ ಬಾಗ್ಲಿಗೆ ಬಂದ್ರಾ? ಮದ್ವೆಗೆ ಸ್ವಂತ ಅಕ್ಕನ್ನೂ ಕುಂಕುಮ ಕೊಟ್ಟೇ ಕರೀಬೇಕು ಅಂತ ನೀವೇ ಯೋಳ್ತೀರಿ. ನನ್ನ ಯಾರು ಕರುದ್ರು?"

ಈಶ್ವರಯ್ಯನಿಗೆ ನಿಜವಾಗಿಯೂ ನೋವಾಯಿತು. ಸೋತದ್ದಕ್ಕಲ್ಲ, ಇಷ್ಟು ವರ್ಷ ಸಾವಿರಾರು ಜನಕ್ಕೆ ಬಡಿಸಿ, ಒಂದು ಎಲೆಯನ್ನು ನೋಡದೆ ದಾಟಿಬಿಟ್ಟೆನಲ್ಲಾ ಎಂದು.

ಐದು ವರ್ಷ ನಟರಾಜನ ಅಂಗಡಿಯಲ್ಲಿ ಸೊನ್ನೆಯ ಸುದ್ದಿ ಆರಲಿಲ್ಲ. ಬಸ್ಸೂ ಬರಲಿಲ್ಲ. ಮತ್ತೆ ಚುನಾವಣೆ ಬಂತು, ಈಶ್ವರಯ್ಯ ಮತ್ತೆ ಬಕೆಟ್ ಹಿಡಿದ. ಗೆಲ್ಲುವ ಭ್ರಮೆ ಅವನಿಗೇನೂ ಇರಲಿಲ್ಲ. ಅವನಿಗೆ ಈ ಸಲ ಬೇಕಾಗಿದ್ದದ್ದು ಒಂದೇ ಓಟು, ಅದು ಯಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಗುರುತು ಸಿಕ್ಕ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಹಿತ್ತಲ ಬಾಗಿಲಿನಿಂದ ಹೊರಗೆ ಹೋದ. ಮನೆ ಸುತ್ತಿಕೊಂಡು ಮುಂಬಾಗಿಲಿಗೆ ಬಂದು ಹೊಸಿಲಾಚೆ ನಿಂತು ಚಿಲಕ ಬಡಿದ. ಎದುರುಮನೆಯವರು ಕೆಲಸ ಬಿಟ್ಟು ನೋಡತೊಡಗಿದರು.

ಗಂಗಾಂಬಿಕೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಈಶ್ವರಯ್ಯ ಕುಂಕುಮದ ಬಟ್ಟಲು ಮುಂದೆ ಹಿಡಿದು, ಕರಪತ್ರ ಕೊಟ್ಟು, ಕೈ ಮುಗಿದ.

"ತಾಯೀ, ನಾನು ಈಶ್ವರಯ್ಯ ಅಂತ. ಬಕೆಟ್ ಗುರ್ತು. ದಯಮಾಡಿ ತಮ್ಮ ಅಮೂಲ್ಯವಾದ ಮತ..."

"ಹಿಂದ್ಲ ಸಲ ಈ ಕಡೀಕೆ ಬಂದಿದ್ದೇ ಕಾಣ್ನಿಲ್ಲ?"

"ತಪ್ಪಾಯ್ತು ತಾಯೀ."

"ಗೆದ್ರೆ ನಮ್ಮನೆಗೇನ್ಮಾಡ್ತೀರಿ?"

ಈಶ್ವರಯ್ಯ ಯೋಚಿಸಿದ. ಸುಳ್ಳು ಆಶ್ವಾಸನೆ ಕೊಡುವುದು ಅವನಿಗೆ ಬರುವುದಿಲ್ಲ. "ಬಸ್ ಬಿಡುಸ್ತೀನಿ. ನಿಮ್ಮ ಯಜಮಾನ್ರು ಛತ್ರದಲ್ಲಿ ಮಲಗ್ದಂಗೆ ಮನೆಗೆ ಬತ್ತಾರೆ."

ಗಂಗಾಂಬಿಕೆಯ ತುಟಿ ಅದುರಿತು. ನಗುವನ್ನು ಹಲ್ಲಿನಲ್ಲೇ ಕಚ್ಚಿ ಹಿಡಿದು, ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು. ಆಮೇಲೆ ಈ ಸೀಮೆಯ ಮತದಾರರೆಲ್ಲರೂ ಎಲ್ಲ ಅಭ್ಯರ್ಥಿಗಳಿಗೂ ಹೇಳುವ ಆ ಒಂದು ಮಾತನ್ನು ಹೇಳಿದಳು: "ನೋಡಣ." ಹಾಗೆಂದು ಬಾಗಿಲು ಹಾಕಿಕೊಂಡಳು. ಅಭ್ಯರ್ಥಿ ಹಿತ್ತಲ ಬಾಗಿಲಿನಿಂದಲೇ ಒಳಗೆ ಬರಬೇಕಾಯಿತು.

ಮತದಾನದ ದಿನ ಇಬ್ಬರೂ ಒಟ್ಟಿಗೇ ಶಾಲೆಗೆ ಹೋದರು. ಈಶ್ವರಯ್ಯ ಈ ಸಲವೂ ನಾಚಿಕೊಂಡು ಬೇರೆಯವನಿಗೆ ಒತ್ತಿ ಬಂದ. ಹೊರಗೆ ಬಂದ ಗಂಗಾಂಬಿಕೆಯ ಮುಖ ನೋಡಿದ, ಅದರಲ್ಲೇನೂ ಬರೆದಿರಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಎಣಿಕೆಯ ದಿನ ಹಾಸನದ ಕಾಲೇಜಿನಲ್ಲಿ ತಂತಿ ಜಾಲರಿಗೆ ಮುಖ ಒತ್ತಿಕೊಂಡು ನಿಂತಿದ್ದ. ದೊಡ್ಡ ಪಕ್ಷದವರು ಸಾವಿರಗಳ ಲೆಕ್ಕದಲ್ಲಿ ಬೆವರುತ್ತಿದ್ದರು. ನುಗ್ಗೇಹಳ್ಳಿಯ ಪೆಟ್ಟಿಗೆ ಮೇಜಿಗೆ ಬಂದಾಗ ಈಶ್ವರಯ್ಯ ತುದಿಗಾಲಿನ ಮೇಲೆ ನಿಂತ. ಅಧಿಕಾರಿ ಒಂದೊಂದಾಗಿ ಓದುತ್ತಾ ಬಂದರು.

"ಬಕೆಟ್, ಒಂದು."

ಜಾಲರಿಯ ಈಚೆ ನಿಂತ ಏಜೆಂಟರು ಗೊಳ್ಳೆಂದರು. ಈಶ್ವರಯ್ಯ ಜಾಲರಿಯ ಆಚೆಗೇ ಕೈ ಮುಗಿದ. ಗೆದ್ದವರಿಗೂ ಆ ದಿನ ಅಷ್ಟು ಸಂತೋಷವಾಗಿರಲಿಕ್ಕಿಲ್ಲ. ಆದರೆ ಬಸ್ಸು ಹತ್ತಿ ಕೂತ ಮೇಲೆ ಹಾಳು ಅನುಮಾನ ತಲೆಗೆ ಹೊಕ್ಕಿತು. ಅದು ಅವಳದೇ ಎಂದು ಏನು ಗ್ಯಾರಂಟಿ? ಯಾರೋ ಕಣ್ಣು ಕಾಣದ ಮುದುಕಪ್ಪ ಕೈ ತಪ್ಪಿ ಒತ್ತಿರಬಹುದಲ್ಲ!

ಊರಿನಲ್ಲಿ ನಟರಾಜ ಟೀ ಲೋಟ ಹಿಡಿದೇ ಕಾಯುತ್ತಿದ್ದ. "ಈ ಸಲ ಬುದ್ಧಿ ಬಂತು ಬುಡು! ನಿನ್ನ ಓಟು ನೀನೇ ಹಾಕ್ಕಂಬುಟ್ಟೆ!"

ಇಲ್ಲ ಎಂದರೆ ಮತ್ಯಾರದು ಎಂದು ಕೇಳುತ್ತಾರೆ. ಅವಳು ಯಾರಿಗೂ ಹೇಳದ್ದನ್ನು ಟೀ ಅಂಗಡಿಗೆ ಹಾಕುವುದೇ? "ಹೂಂ ಕಣ್ಲಾ, ನಾನೇ ಹಾಕ್ಕಂಡೆ," ಎಂದ ಈಶ್ವರಯ್ಯ. ಅಂಗಡಿಯವರೆಲ್ಲ ನಕ್ಕರು, ಅವನೂ ನಕ್ಕ.

ಮನೆಯಲ್ಲಿ ಗಂಗಾಂಬಿಕೆ ಎಲೆ ಹಾಕಿ ಕಾಯುತ್ತಿದ್ದಳು. "ಕೂತ್ಕಳಿ, ಇವತ್ತು ನಾನು ಬಡುಸ್ತೀನಿ," ಎಂದು ಅವನ ಬಕೆಟ್ಟನ್ನೇ ತೆಗೆದುಕೊಂಡು ಬಂದಳು. ಅದರಲ್ಲಿ ಬಿಸಿಬಿಸಿ ಅವರೆಕಾಳು ಸಾರು. ಒಂದು ಸೌಟು ಹಾಕಿ, ಬಕೆಟ್ಟನ್ನು ಎತ್ತಿ ಹಿಡಿದು ನೋಡಿದಳು.

"ನೋಡಿ, ಹಿಡಿಕೆ ಅಂದ್ರೆ ಇಂಗಿರ್ಬೇಕು. ಮಿಷಿನ್ ಪಕ್ಕದ ಗಾಜಿನೊಳ್ಗೆ ಚೀಟೀಲಿ ಬಂತಲ್ಲ, ಆ ಬಕೆಟ್ಗೆ ಹಿಡಿಕೆನೇ ಪುಟಾಣಿ. ಅದ್ರಲ್ಲಿ ಸಾರು ಬಡ್ಸಕ್ಕಾಯ್ತದಾ?"

ಈಶ್ವರಯ್ಯ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿದ. ಯಾವ ಗುಂಡಿ ಒತ್ತಿದರೆ ಆ ಗುರುತಿನ ಚೀಟಿ ಮಾತ್ರ ಗಾಜಿನೊಳಗೆ ಬಂದು, ಕೆಲವೇ ಕ್ಷಣ ನಿಂತು, ಬಿದ್ದುಹೋಗುತ್ತದೆ. ತಾನು ಏನು ಹೇಳಿಬಿಟ್ಟೆ ಎಂದು ಗಂಗಾಂಬಿಕೆಗೂ ಆಗಲೇ ಹೊಳೆದು, ನಾಲಿಗೆ ಕಚ್ಚಿಕೊಂಡು ಸೌಟಿನ ಕಡೆ ನೋಡತೊಡಗಿದಳು.

"ಇದ್ರೂ ಇರ್ಬೌದು ಕಣೆ," ಎಂದ ಈಶ್ವರಯ್ಯ. ಅವನ ಕಣ್ಣು ತುಂಬಿತ್ತು. "ನಾನು ಆ ಚೀಟೀನ ಒಂದ್ಸಲನೂ ನೋಡಿಲ್ಲ."