ಎದುರುಗಾಳಿಗೆ ಬಗ್ಗದ ಬೆನ್ನು

ಸೈಕಲ್ ಮೇಲೆ ಕೂತರೆ ಪಕ್ಕದ ಮನೆಯ ತಾತನ ಬೆನ್ನು ಗೋಡೆಯಂತೆ ನೆಟ್ಟಗಿರುತ್ತಿತ್ತು. ಗಾಳಿ ಎಷ್ಟೇ ಜೋರಾಗಿ ಬೀಸಲಿ, ಎಪ್ಪತ್ತೈದು ದಾಟಿದ ಆ ಇಂಗ್ಲಿಷ್ ಮನುಷ್ಯ ಒಂದಿಷ್ಟೂ ಬಗ್ಗುತ್ತಿರಲಿಲ್ಲ. ಎಲ್ಲರೂ ಕಾರಿನಲ್ಲೇ ಓಡಾಡುವ, ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ ಅದು ನಿಂತು ನೋಡುವಂಥ ದೃಶ್ಯ.

ತೊಂಬತ್ತೆಂಟರಲ್ಲಿ ನಾನು ಬೆಂಗಳೂರಿನಿಂದ ಇಲ್ಲಿನ ಕಾರ್ಖಾನೆಗೆ ಬಂದೆ. ಕಾರು ತಯಾರಿಸುವ ಈ ಎಂಜಿನಿಯರ್ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದ. ಚಳಿಗಾಲಕ್ಕೆ ಸೈಕಲ್ಲೇ ಗತಿಯಾಯಿತು. ನನ್ನ ಒದ್ದಾಟ ನೋಡಿದ ತಾತ, ಪೋಸ್ಟ್‌ಮನ್ ಆಗಿ ರಿಟೈರಾದವರು, ಒಂದು ಬೆಳಿಗ್ಗೆ ತಮ್ಮ ಸೈಕಲ್ ಹಿಡಿದು ನಮ್ಮ ಗೇಟಿನ ಬಳಿ ನಿಂತಿದ್ದರು. ತಮ್ಮ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬರಲು ಹೇಳಿದರು. ಅವರ ಬೆನ್ನ ಹಿಂದೆ ನಿಜವಾಗಿಯೂ ಗಾಳಿಯೇ ಇರುತ್ತಿರಲಿಲ್ಲ. ಆ ಚಳಿಗಾಲ ಪೂರ್ತಿ ನನ್ನನ್ನು ಕಾರ್ಖಾನೆ ಮುಟ್ಟಿಸಿ ಹಿಂತಿರುಗುತ್ತಿದ್ದರು. ನಾಚಿಕೆಯಾಗುತ್ತಿತ್ತು, ಆದರೂ ನಾನು ಬೇಡ ಎನ್ನಲಿಲ್ಲ.

ಅವರ ಮನೆಯ ಹಾಲ್‌ನಲ್ಲಿ ಒಂದು ಹಳೆಯ ಫೋಟೋ ಇತ್ತು. ಅವರ ತಂದೆ ಬೆಲ್ಜಿಯಂನವರು, ಮೊದಲು ಸೈಕಲ್, ಆಮೇಲೆ ಮೋಟಾರ್‌ಸೈಕಲ್ ಪಂದ್ಯಗಳ ಸವಾರ. ಮೊದಲ ಮಹಾಯುದ್ಧದಲ್ಲಿ ನಿರಾಶ್ರಿತರಾಗಿ ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿ, ಮಗನಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡಿದ್ದರು. ಫೋಟೋದಲ್ಲಿ ಅವರು ದೊಡ್ಡ ಮೋಟಾರ್‌ಸೈಕಲ್ ಮೇಲೆ ಕೊನೆಯ ಗೆರೆ ದಾಟುತ್ತಿದ್ದಾರೆ. ಹಿಂದೆಯೇ ತೆಳ್ಳನೆಯ ಒಬ್ಬ ಸೈಕಲ್ ಸವಾರ. ಅಪ್ಪ ಗೆದ್ದ ಪಂದ್ಯ ಅದು ಎಂದು ತಾಯಿ ಹೇಳಿದ್ದನ್ನೇ ತಾತ ಬಂದವರಿಗೆಲ್ಲ ಹೇಳುತ್ತಿದ್ದರು. ತಂದೆಯದೆಂದು ಅವರ ಬಳಿ ಉಳಿದದ್ದು ಅದೊಂದೇ.

ನನ್ನ ತಲೆ ಕೊರೆದದ್ದು ಬೇರೆ. ಮೋಟಾರಿನವನು ಸೈಕಲ್ಲಿನವನನ್ನು ಸೋಲಿಸುವುದು ಯಾವ ಸೀಮೆಯ ಪಂದ್ಯ? ಗೆಲ್ಲಬೇಕಾದವನು ಬಗ್ಗದೆ, ಗಾಳಿಗೆ ಎದೆಯೊಡ್ಡಿ ಯಾಕೆ ಕೂತಿದ್ದಾನೆ? ಫೋಟೋ ಮಾಸುತ್ತಿದೆ, ಸ್ಕ್ಯಾನ್ ಮಾಡಿಸಿಕೊಡು ಎಂದು ತಾತ ಕೊಟ್ಟಾಗ, ಕೆಳಗೆ ಬೆಲ್ಜಿಯಂನವರಾಡುವ ಡಚ್ ಭಾಷೆಯಲ್ಲಿ ಅಚ್ಚಾಗಿದ್ದ ಸಾಲುಗಳನ್ನು ಅವರನ್ನು ಕೇಳದೆಯೇ ಒಬ್ಬ ಸಹೋದ್ಯೋಗಿಯಿಂದ ಓದಿಸಿದೆ. ಗೆದ್ದವನು ಹಿಂದಿದ್ದ ಸೈಕಲ್ ಸವಾರ. ಅವನಿಗೆ ಗಾಳಿ ತಾಗದಂತೆ ಮುಂದೆ ಗೋಡೆಯಂತೆ ಸಾಗುವುದಷ್ಟೇ ಮೋಟಾರ್‌ಸೈಕಲ್ಲಿನವನ ಕೆಲಸ. ಆಗ ಅಂಥ ಪಂದ್ಯಗಳೇ ಇದ್ದವಂತೆ. ತಾತನ ತಂದೆಯ ಹೆಸರು ಅಲ್ಲಿ ಇರಲೇ ಇಲ್ಲ.

"ಹೇಳ್ಬೇಡಿ ರೀ. ಅವ್ರ ಹತ್ರ ಇರೋದೇ ಅದೊಂದು," ಎಂದಳು ಹೆಂಡತಿ. ನನಗೂ ಹಾಗೇ ಅನಿಸಿತ್ತು. ಆದರೆ ಫೋಟೋ ಹಿಂತಿರುಗಿಸುವಾಗ ತಾತ ನನ್ನ ಮುಖ ನೋಡಿಯೇ, ಕೆಳಗೆ ಏನು ಬರೆದಿದೆ ಎಂದು ಕೇಳಿಬಿಟ್ಟರು. ಸುಳ್ಳು ಬಾಯಿಗೆ ಬರಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟೆ.

ಟೀ ಆರಿಹೋಗುವವರೆಗೂ ಅವರು ಫೋಟೋ ನೋಡುತ್ತ ಕೂತರು. ನನ್ನ ಕುತೂಹಲಕ್ಕಿಷ್ಟು ಬೆಂಕಿ ಬೀಳ ಎಂದುಕೊಂಡೆ. ಆಮೇಲೆ ಅವರು ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರಕ್ಕೂ ಸೈಕಲ್ಲಿನ ಮುಂದಿನ ಚಕ್ರಕ್ಕೂ ನಡುವೆ ಬೆರಳಿಟ್ಟರು. ಬೆರಳು ಹಿಡಿಸುವಷ್ಟೂ ಜಾಗವಿರಲಿಲ್ಲ.

"ಅಪ್ಪ ಕೊನೇವರೆಗೂ ಅವನನ್ನ ಬಿಟ್ಟುಹೋಗಿಲ್ಲ ನೋಡು," ಎಂದರು. "ನಂಗೆ ಸೈಕಲ್ ಕಲಿಸುವಾಗ್ಲೂ ಅಪ್ಪ ಹೇಳ್ತಿದ್ದದ್ದು ಒಂದೇ. ಬೆನ್ನು ನೆಟ್ಟಗಿಡು, ಹಿಂದೆ ಬರೋರಿಗೆ ಗಾಳಿ ತಾಗಬಾರದು ಅಂತ. ಅದನ್ನ ಎಲ್ಲಿ ಕಲಿತಿದ್ದ ಅಂತ ಇವತ್ತು ಗೊತ್ತಾಯ್ತು."

ಅಂದಿನಿಂದ ಫೋಟೋ ತೋರಿಸುವಾಗ ಅವರು ಮೊದಲು ಹಿಂದಿನವನ ಹೆಸರು ಹೇಳಿ, ಆಮೇಲೆ ಅಪ್ಪನನ್ನು ತೋರಿಸುತ್ತಿದ್ದರು. ದನಿಯಲ್ಲಿ ಹೆಮ್ಮೆ ಕಡಿಮೆಯಾದಂತೆ ನನಗೆ ಕಾಣಲಿಲ್ಲ.

ಎರಡು ಸಾವಿರದ ಆರರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ನಾನು ಕಾರು ಓಡಿಸಲು ಶುರುಮಾಡಿ ವರ್ಷಗಳಾಗಿದ್ದವು. ಅಂತ್ಯಕ್ರಿಯೆಗೆ ಮಾತ್ರ ಸೈಕಲ್ ತೆಗೆದೆ. ದಾರಿಯುದ್ದಕ್ಕೂ ಎದುರುಗಾಳಿ. ಒಂದು ಇಡೀ ಚಳಿಗಾಲ ಆ ಮುದುಕರು ನನಗಾಗಿ ತಡೆದದ್ದು ಏನನ್ನು ಎಂದು ಅವತ್ತು ನನ್ನ ಎದೆಗೆ ತಾಗಿತು.